ಪ್ರೇಮಮ್ಮನ ಸಾಕ್ಷಿ

ಮದುವೆಯಾಗಿ ಒಂದು ಮಗುವಾದರೆ ಹೊಟ್ಟೆನೋವು ತಾನಾಗಿಯೇ ಹೋಗುತ್ತದೆ ಎಂದು ಅಜ್ಜಂಪುರದ ಡಾಕ್ಟರ್ ರೇಣುಕಪ್ರಸಾದರು ಹೇಳಿದ್ದರು. ಅದನ್ನು ನಂಬಿಯೇ ಕಲ್ಲೇಶ್ ಮಗಳು ಸ್ಫೂರ್ತಿಗೆ ಗಂಡು ಗೊತ್ತುಮಾಡಿದ್ದ. ಅವಳಿಗೆ ಇನ್ನೂ ಓದುವ ಆಸೆ. ಆದರೆ ತಿಂಗಳು ತಿಂಗಳೂ ಮುಟ್ಟಿನ ನೋವಿಗೆ ನೆಲದ ಮೇಲೆ ಹೊರಳಾಡುವ ಹುಡುಗಿಯ ಆಸೆಯನ್ನು ಕೇಳುವವರು ಯಾರು? ಬರುವ ಸೋಮವಾರ ಸಖರಾಯಪಟ್ಟಣದಲ್ಲಿ ನಿಶ್ಚಿತಾರ್ಥ.

ಅಷ್ಟರೊಳಗೆ ಒಂದಿಷ್ಟು ಮಾತ್ರೆ ಬರೆಸಿಕೊಳ್ಳೋಣವೆಂದು ಕಲ್ಲೇಶ್, ಹೆಂಡತಿ ಪ್ರೇಮಮ್ಮ, ಮಗಳು ಮೂವರೂ ಕ್ಲಿನಿಕ್ಕಿಗೆ ಬಂದಿದ್ದರು. ಹಿಂದಿನ ದಿನ ಕಡೂರಿನಲ್ಲಿ ಸುತ್ತಲ ತಾಲ್ಲೂಕುಗಳ ಡಾಕ್ಟರುಗಳ ಸಭೆಯಿತ್ತು. ಇಂಥ ಸಭೆಗಳಲ್ಲಿ ಸಹಿ ಹಾಕಿ, ಊಟ ಮುಗಿಸಿ, ಮೆಲ್ಲಗೆ ಜಾರಿಕೊಳ್ಳುವುದರಲ್ಲಿ ರೇಣುಕಪ್ರಸಾದರು ಪಳಗಿದ ಕೈ. ನಿನ್ನೆ ಮಾತ್ರ ತರೀಕೆರೆಯ ಲೇಡಿ ಡಾಕ್ಟರೊಬ್ಬರು ಮುಟ್ಟಿನ ನೋವಿನ ಬಗ್ಗೆ ಆಡಿದ ಮಾತು ಕೇಳುತ್ತ ಊಟಕ್ಕೇಳುವುದನ್ನೇ ಮರೆತಿದ್ದರು.

"ಕಲ್ಲೇಶ್, ನಾನು ಹೇಳ್ತಿದ್ದದ್ದು ತಪ್ಪು ಕಣಯ್ಯ," ಎಂದರು. "ಇದು ಎಂಡೊಮೆಟ್ರಿಯೋಸಿಸ್ ಇರಬಹುದು ಅಂತ ನಂಗೀಗ ಅನುಮಾನ. ಗರ್ಭಕೋಶದ ಒಳಪದರದಂಥದ್ದು ಹೊರಗಡೆನೂ ಬೆಳೆಯುತ್ತೆ. ಸ್ಕ್ಯಾನಲ್ಲಿ ಕಾಣದೇನೂ ಇರಬಹುದಂತೆ. ಮದುವೆ, ಮಗು ಇದಕ್ಕೆ ಔಷಧಿ ಅಲ್ಲ ಅಂತ ಈಗಿನ ಸಂಶೋಧನೆ ಹೇಳ್ತಿದೆ. ತರೀಕೆರೆಗೆ ಕರ್ಕೊಂಡ್ಹೋಗಿ ತೋರಿಸು. ನೋವು ಹೋಗ್ಲಿ ಅಂತ ಮದುವೆ ಮಾಡಬೇಡ."

ಕಲ್ಲೇಶನಿಗೆ ರೇಗಿತು. ಈರುಳ್ಳಿ ಮಂಡಿ ನಡೆಸುವವನು, ಮಾತು ಬದಲಿಸುವವರನ್ನು ಕಂಡರಾಗದು.

"ಏನ್ ಸಾರ್ ಹಿಂಗಂತೀರಾ? ನಮ್ಮನೇಲೇ ಸಾಕ್ಷಿ ಐತಲ್ಲ! ಇವ್ಳಿಗೂ ಹುಡ್ಗಿಯಾಗಿದ್ದಾಗ ಇದೇ ನೋವಿತ್ತು. ಮದ್ವೆ ಮಾಡಿ ಅಂತ ನೀವೇ ಅಂದಿದ್ರಂತೆ. ಆಮೇಲೆ ಹೋಯ್ತೋ ಇಲ್ವೋ? ಹೇಳೇ ಪ್ರೇಮಾ."

ಮೂವರೂ ಪ್ರೇಮಮ್ಮನ ಕಡೆ ತಿರುಗಿದರು.

ಹೋಯಿತು ಎಂದೇ ಅವಳು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದಳು. ಹೊಸದರಲ್ಲಿ ಅತ್ತೆ ಕೇಳಿದಾಗ ಹಾಗಂದಿದ್ದಳು. ಇಲ್ಲವೆಂದರೆ ರೋಗಿಷ್ಟೆಯನ್ನು ತಂದು ಗಂಟುಹಾಕಿದರೆಂದು ತವರಿನ ಮೇಲೆ ಮಾತು ಬರುತ್ತಿತ್ತು. ಆಮೇಲೆ ಆ ಸುಳ್ಳನ್ನು ಸಾಕುವುದು ಕಷ್ಟವಾಗಲಿಲ್ಲ. ಅವರದು ಲಿಂಗ ಕಟ್ಟಿದ ಮನೆ, ಮುಟ್ಟೆಂದು ಹೆಂಗಸರನ್ನು ಹೊರಗೆ ಕೂರಿಸುವ ಪದ್ಧತಿಯೇ ಇಲ್ಲ. ಆ ದಿನವೂ ಸ್ನಾನ, ಲಿಂಗಪೂಜೆ, ಒಲೆಯ ಕೆಲಸ ಎಲ್ಲ ಎಂದಿನಂತೆ. ಕಲ್ಲೇಶ್ ಇದನ್ನು ನಾಲ್ಕು ಜನರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಹೆಮ್ಮೆಪಡುವ ಮಾತೇ, ಯಾರು ಇಲ್ಲವೆಂದರು! ಆದರೆ ಎಲ್ಲ ದಿನವೂ ಒಂದೇ ಆದ ಮನೆಯಲ್ಲಿ ಹೆಂಡತಿಗೆ ಯಾವತ್ತು ನೋವೆಂದು ಆ ಪುಣ್ಯಾತ್ಮನಿಗೆ ತಿಳಿಯುವುದಾದರೂ ಹೇಗೆ? ಪ್ರೇಮಮ್ಮ ಹಲ್ಲು ಕಚ್ಚಿಕೊಂಡು ರೊಟ್ಟಿ ತಟ್ಟಿದಳು, ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ನರಳಿದಳು. ಮಗಳು ಹೊರಳಾಡುವಾಗಲೂ ತಲೆ ಸವರಿ, "ನಂಗೂ ಹಿಂಗೇ ಇತ್ತು ಕಣೇ, ಮದ್ವೆ ಆದ್ಮೇಲೆ ಹೋಯ್ತು" ಎಂದಿದ್ದಳು. ಓದು ಬಿಟ್ಟು ಮದುವೆಗೆ ಆ ಹುಡುಗಿ ಹೂಂ ಅಂದದ್ದು ಡಾಕ್ಟರ ಮಾತಿಗಲ್ಲ, ಅಮ್ಮನ ಮಾತಿಗೆ.

"ಹೇಳೇ," ಎಂದ ಕಲ್ಲೇಶ್.

"ಹೋಗ್ಲಿಲ್ಲ ಕಣ್ರೀ," ಎಂದಳು ಪ್ರೇಮಮ್ಮ. "ಇವ್ಳು ಹೊಟ್ಟೇಲಿದ್ದಾಗ ಬಿಟ್ರೆ ಒಂದು ತಿಂಗ್ಳೂ ಬಿಡ್ಲಿಲ್ಲ."

ಡಾಕ್ಟರು ಕನ್ನಡಕ ತೆಗೆದು ಮುಖ ಒರೆಸಿಕೊಂಡರು. ಹುಡುಗಿಯಾಗಿದ್ದಾಗ ಇದೇ ಕೋಣೆಯಲ್ಲಿ ಅವಳು ಕೂತಿದ್ದದ್ದು ಅವರಿಗೆ ನೆನಪಾಯಿತೋ ಏನೋ, ಅವಳನ್ನು ನೋಡಲಿಲ್ಲ.

"ನಂಗ್ಯಾಕೇ ಹೇಳ್ಲಿಲ್ಲ?" ಎಂದ ಕಲ್ಲೇಶ್. ಆಮೇಲೆ ಸೋಮವಾರದ ನಿಶ್ಚಿತಾರ್ಥ ಬೇಡವೆಂದು ಗಂಡಿನವರಿಗೆ ಹೇಳಲು ಫೋನ್ ಹಿಡಿದು ಹೊರಗೆ ಹೋದ.

ಪ್ರೇಮಮ್ಮನಿಗೆ ಎದೆಯ ಭಾರ ಇಳಿದಂತಾಯಿತು. ಮಗಳ ಕೈ ಹಿಡಿಯಲು ಹೋದಳು. ಸ್ಫೂರ್ತಿ ಕೈ ಎಳೆದುಕೊಂಡಳು.

"ಮತ್ತೆ ನಂಗೆ ಹೋಗುತ್ತೆ ಅಂತ ಯಾಕಮ್ಮ ಹೇಳ್ದೆ?"

"ನಿಂಗಾದ್ರೂ ಹೋದೀತು ಅನ್ಕೊಂಡೆ ಕಣೇ."

ಸ್ಫೂರ್ತಿ ಎದ್ದು ಅಪ್ಪನಿದ್ದ ಕಡೆ ಹೋಗಿಬಿಟ್ಟಳು.