ಹಿಂದೆ ಬರುವವರು

ಕಿಟಕಿಯಾಚೆ ಭತ್ತದ ಗದ್ದೆ, ಕೊಕ್ಕರೆ, ಮತ್ತೆ ಗದ್ದೆ — ಈ ಬಸ್ಸಿನವನು ತಿರುಗುವ ಮೊದಲು ಇಂಡಿಕೇಟರ್ ಹಾಕಿದನೋ ಇಲ್ಲವೋ, ಹಾಕಿದ, ಟಿಕ್ ಟಿಕ್ ಕೇಳಿಸಿತು, ಎಲ್ಲರೂ ಹಾಕುತ್ತಾರೆ, ನಾನೊಬ್ಬಳೇ ಹಾಕದವಳು, ನಾಗರತ್ನಾ ನಪಾಸು, ಬೆಳಗ್ಗೆ ಎಲ್ಲಮ್ಮನಿಗೆ ಕಾಯಿ ಒಡೆಸಿಕೊಂಡು ಲೈಸೆನ್ಸಿಗೆಂದು ರಾಯಚೂರಿಗೆ ಹೋಗಿ ಬರಿಗೈಯಲ್ಲಿ ನೀರಮಾನ್ವಿಗೆ ವಾಪಸು ಹೊರಟವಳು. ಎಂಟು ಹಾಕಿದ್ದು ಸರಿ, ಹಿಂದಕ್ಕೆ ತೆಗೆದದ್ದು ಸರಿ, ದಿಬ್ಬದ ಮೇಲೆ ನಿಲ್ಲಿಸಿ ಎತ್ತಿದ್ದೂ ಸರಿ, ಪಕ್ಕದಲ್ಲಿ ಕೂತ ಇನ್ಸ್‌ಪೆಕ್ಟರ್ ಸಾಹೇಬರು ಹೂಂ ಹೂಂ ಎಂದು ತಲೆಯಾಡಿಸುತ್ತಿದ್ದರು, ಕೊನೆಯ ಸುತ್ತು ರಸ್ತೆ ಮೇಲೆ, ಅಲ್ಲಿ ಬೇವಿನ ಮರದ ಕೆಳಗೆ ಒಬ್ಬ ಮುದುಕಿ ಕೈ ಎತ್ತಿದಳು, ನನ್ನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಯಿತು, ನಡುರಸ್ತೆಯಲ್ಲೇ ನಿಲ್ಲಿಸಿ ತಲೆ ಹೊರಗೆ ಹಾಕಿ ಎಲ್ಲಿಗೆ ಹೊಂಟೀದಿ ಯವ್ವಾ, ಹತ್ತು ಅಂದೆ — ಪರೀಕ್ಷೆಯ ಕಾರಿನಲ್ಲಿ! ನನ್ನ ಬುದ್ಧಿಗಿಷ್ಟು ಬೆಂಕಿ ಹಾಕಲಿ. ಆಕೆಯೋ, ಇಲ್ಲಬೇ, ನಾ ಎಲ್ಲಿ ಕೈ ಮಾಡೀನಿ, ಸೆರಗು ತಲಿ ಮ್ಯಾಲ ಎಳಕೊಂಡೆ ಅಷ್ಟ ಅಂದಳು. ಅಷ್ಟರಲ್ಲಿ ಹಿಂದೆ ಕಿರ್ ಎಂದು ಸದ್ದು, ಕನ್ನಡಿಯಲ್ಲಿ ಒಂದು ಬೈಕು, ಟ್ಯಾಂಕಿನ ಮೇಲೆ ಕೂಸು, ಎರಡೂ ಕೈ ಟ್ಯಾಂಕಿಗೆ ಒತ್ತಿಕೊಂಡಿದೆ. ಬೈಕಿನವನು ಬಾಯಿಗೆ ಬಂದಂತೆ ಬೈದ, ಬೈಯಲಿ, ಬೈಯಲು ಬಾಯಿ ಉಳಿಯಿತಲ್ಲ, ಅವನ ಬ್ರೇಕು ಹಿಡಿಯಿತಲ್ಲ, ಯಾವ ಗ್ಯಾರೇಜಿನವನು ಮಾಡಿಕೊಟ್ಟ ಬ್ರೇಕೋ, ಅವನ ಹೊಟ್ಟೆ ತಣ್ಣಗಿರಲಿ.

ಸಾಹೇಬರು ಬೈಯಲಿಲ್ಲ. ಗಾಡಿ ಛಲೋ ಹೊಡೀತೀರಿ ಅಮ್ಮಾ, ಆದ್ರ ಹಿಂದ ಬರೋರನ್ನ ನೋಡಂಗಿಲ್ಲ, ಅದಕ್ಕ ಇವತ್ತ ಪಾಸ್ ಮಾಡಂಗಿಲ್ಲ ಅಂದರು, ಅಷ್ಟೇ. ಅಳು ಬಂತು, ಕಸದ ಗಾಡಿ ಕಣ್ಣ ಮುಂದೆ ಬಂತು, ಪಂಚಾಯ್ತಿ ಮುಂದೆ ನಿಂತ ಹೊಸ ಗಾಡಿ, ಅದರ ಹಾರ ಇನ್ನೂ ಬಾಡಿಲ್ಲ, ನಮ್ಮ ಸಂಘದ ಹೆಂಗಸರಿಗೆಂದೇ ಬಂದದ್ದು, ಲೈಸೆನ್ಸ್ ತಂದರೆ ನಾನು ಡ್ರೈವರ್, ತರದಿದ್ದರೆ ಸೋಮವಾರ ಊರಲ್ಲಿ ಟ್ರ್ಯಾಕ್ಟರ್ ಹೊಡೆಯುವ ಅಂಬರೀಶನನ್ನು ಕೂರಿಸುತ್ತಾರಂತೆ, ಗಂಡಸು ಒಮ್ಮೆ ಆ ಸೀಟಿನಲ್ಲಿ ಕೂತರೆ ಏಳುತ್ತಾನೆಯೇ. ಸಂಘದ ಅಧ್ಯಕ್ಷೆ ಸುನಂದಕ್ಕನಿಗೆ ಫೋನು ಮಾಡಿ ಎಲ್ಲ ಹೇಳಿದೆ, ಮುದುಕಿಯ ಸೆರಗಿನ ತನಕ ಹೇಳಿದೆ, ಆಕೆ ಬಿದ್ದು ಬಿದ್ದು ನಕ್ಕಳು, ನಕ್ಕು ಮುಗಿಸಿ, ಇನ್ನೊಮ್ಮಿ ಹೋಗು, ಅಲ್ಲೀತನಕ ಕೀಲಿ ನನ್ನ ಸೆರಗಿನ ಗಂಟಿನ್ಯಾಗ ಇರ್ತದ, ಯಾರು ಬಿಚ್ಚತಾರ ನೋಡ್ತೀನಿ ಅಂದಳು. ಸುನಂದಕ್ಕಾ, ನಿನ್ನ ಉಪಕಾರ ಹೇಗೆ ತೀರಿಸಲಿ.

ಆದರೂ ಕೈ ಎತ್ತಿದವರನ್ನು ಬಿಟ್ಟು ಹೇಗೆ ಹೋಗುವುದು, ನಾನೂ ಎತ್ತಿದವಳೇ, ದೇವದುರ್ಗದ ತವರಿನಿಂದ ಬರುವಾಗ ಬಸ್ಸು ಕೆಟ್ಟು ನಿಂತಿದೆ, ಬಗಲಲ್ಲಿ ಕಾವ್ಯಾ, ಆಗಿನ್ನೂ ಹಾಲು ಕುಡಿಯುವ ಕೂಸು, ಜ್ವರ ನೆತ್ತಿಗೇರಿ ಕಣ್ಣು ಮೇಲಾಗಿದೆ, ಜೀಪು ಹೋಗುತ್ತದೆ, ಕಾರು ಹೋಗುತ್ತದೆ, ಹತ್ತಿ ತುಂಬಿದ ಟೆಂಪೋ — ಅದೂ ನನ್ನನ್ನು ದಾಟಿ ಹೋಯಿತು, ನಿನ್ನ ಮನಿ ಹಾಳಾಗ ಎಂದು ಶಾಪ ಹಾಕಿದೆ, ಅದು ಅಷ್ಟು ದೂರ ಹೋಗಿ ಎಡಕ್ಕೆ, ಮಣ್ಣಿಗೆ ಇಳಿದು ನಿಂತಿತು, ದೀಪ ಮಿಟುಕಿಸುತ್ತಿತ್ತು. ಮಹಮ್ಮದ್ ಹುಸೇನ್ ಅಣ್ಣ, ಹೆಸರು ಆಮೇಲೆ ಗೊತ್ತಾದದ್ದು, ಏನೂ ಕೇಳಲಿಲ್ಲ, ಕೂಡ್ರು ತಂಗಿ ಅಂದ, ಮಾನ್ವಿ ಆಸ್ಪತ್ರೆಯ ಬಾಗಿಲಿಗೇ ಬಿಟ್ಟ. ಕೂಸನ್ನು ಹೊತ್ತ ನನ್ನನ್ನು ಅಷ್ಟು ದೂರ ಓಡಿಸಿದನಲ್ಲ ಎಂದು ಇಷ್ಟು ವರ್ಷ ಒಳಗೊಳಗೇ ಒಂದು ಸಿಟ್ಟು ಇತ್ತು ನನಗೆ, ಅವನ ಋಣ ನೆನೆಯುವಾಗಲೂ ಇತ್ತು. ಅಯ್ಯ ಅಣ್ಣಾ, ನೀನು ಕನ್ನಡಿ ನೋಡುತ್ತಿದ್ದೆ! ನಿನ್ನ ಹಿಂದೆಯೂ ಯಾರೋ ಬರುತ್ತಿದ್ದರು, ಅವರ ಕೂಸನ್ನೂ ಕಾದೆ, ನನ್ನ ಕೂಸನ್ನೂ ಕಾದೆ, ನನಗೆ ಕಂಡದ್ದು ನಿಂತದ್ದು ಮಾತ್ರ, ನಿಂತ ರೀತಿ ಕಾಣಲಿಲ್ಲ. ನಪಾಸಾದದ್ದು ಪುಣ್ಯ, ಪಾಸಾಗಿದ್ದರೆ ಹೀಗೇ ಊರೆಲ್ಲ ನಿಲ್ಲಿಸುತ್ತಾ ಹೋಗುತ್ತಿದ್ದೆ, ಯಾವ ಓಣಿಯಲ್ಲಿ ಯಾರ ಮಗು — ಬೇಡ, ಆ ಯೋಚನೆ ಬೇಡ, ಗದ್ದೆ ನೋಡು, ಕೊಕ್ಕರೆ ನೋಡು, ಕಾವ್ಯಾ ಶಾಲೆಯಿಂದ ಬಂದಿರುತ್ತಾಳೆ, ಅವಳಿಗೆ ಏನೆಂದು ಹೇಳಲಿ, ಪಾಸಾಗಲಿಲ್ಲ ಮಗಳೇ, ಆದರೆ ಯಾರಿಗೂ ಏನೂ ಆಗಲಿಲ್ಲ, ಕನ್ನಡಿಯಲ್ಲಿ ಒಂದು ಕೂಸು ಇತ್ತು, ಅಳಲೂ ಇಲ್ಲ ಅದು, ನನ್ನನ್ನೇ ನೋಡುತ್ತಿತ್ತು, ಟ್ಯಾಂಕಿನ ಮೇಲೆ ಎರಡು ಕೈ, ಬೆರಳೆಲ್ಲ ಅಗಲಿಸಿ, ಎರಡು ಪುಟ್ಟ ಕೈ