ಸ್ಟುಡಿಯೋದವನು ಬರೆದ ಕಣ್ಣು

ಗಾಂಭೀರ್ಯವಂತೆ, ಗಾಂಭೀರ್ಯ! ನಮ್ಮ ಯಜಮಾನರ ಮುಖಕ್ಕೂ ಆ ಮಾತಿಗೂ ಎಲ್ಲಿಂದೆಲ್ಲಿಯ ಸಂಬಂಧ? ಅವರ ಜೊತೆ ಬಾಳುವೆ ಮಾಡಿದವಳು ನಾನು. ಬಂದವರೆಲ್ಲ ಆ ಫೋಟೋದ ಮುಂದೆ ನಿಂತು ಅದೇ ಮಾತು ಹೇಳಿ ತಲೆದೂಗಿದಾಗ ನನಗೆ ಮೈಯೆಲ್ಲ ಉರಿದುಹೋಯಿತು.

ಅವರು ಶಿವಾಧೀನರಾದದ್ದು ಐವತ್ತೊಂದನೇ ಇಸವಿಯ ಬೇಸಗೆಯಲ್ಲಿ. ಅಕ್ಕಿಪೇಟೆಯಲ್ಲಿ ಬೆಲ್ಲದ ಮಂಡಿ, ಚಾಮರಾಜಪೇಟೆಯಲ್ಲಿ ಮನೆ. ಸಂಜೆ ಬರುವಾಗ ಕೋಟಿನ ಜೇಬಿನಲ್ಲಿ ಬೆಲ್ಲದ ಚೂರು, ಅದರ ಬೆನ್ನಿಗೇ ಇರುವೆ. ಬೀದಿಯ ಮಕ್ಕಳು ಆ ಜೇಬಿಗೆ ಕೈ ಹಾಕಿ, ಇರುವೆ ಕಚ್ಚಿಸಿಕೊಂಡು ಕಿರುಚಿದರೆ ಇವರಿಗೆ ಭುಜ ಕುಣಿಯುವಷ್ಟು ನಗು. ಆ ನಗುವಿನಿಂದಾಗಿಯೇ ಬದುಕಿದ್ದಾಗಿನ ಅವರ ನೆಟ್ಟಗಿನ ಫೋಟೋ ಒಂದೂ ಇಲ್ಲ. ಫೋಟೋದವನು ಕಪ್ಪು ಬಟ್ಟೆಯೊಳಗೆ ತಲೆ ತೂರಿಸಿ "ಅಲ್ಲಾಡ್ಬೇಡಿ ಸ್ವಾಮಿ" ಅಂದರೆ ಮುಗಿಯಿತು, ಇವರಿಗೆ ತಡೆಯಲಾಗುತ್ತಿರಲಿಲ್ಲ. ಮಗನ ಮದುವೆಯ ಫೋಟೋದಲ್ಲಿ ಬೀಗರ ಕಡೆಯ ಕೈಗೂಸಿನ ಮುಖವೂ ಸರಿಯಾಗಿ ಬಂದಿದೆ. ಇವರ ರುಮಾಲಿನ ಕೆಳಗೆ ಮಾತ್ರ ಹೊಗೆ ತುಂಬಿಕೊಂಡ ಹಾಗಿದೆ.

ಸತ್ತ ಮೇಲೆ ಅಲ್ಲಾಡದೆ ಕೂತರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ರುಮಾಲು ಸುತ್ತಿ, ಎಡಗೈಯಲ್ಲಿ ಲಿಂಗವಿಟ್ಟು ಪಡಸಾಲೆಯ ಗೋಡೆಗೆ ಒರಗಿಸಿದಾಗ ಮಗ ಪರಮಶಿವಯ್ಯ ಸ್ಟುಡಿಯೋದವನನ್ನು ಕರೆಸಿದ. ಅದಕ್ಕೆ ನಾನು ಬೇಡವೆನ್ನಲಿಲ್ಲ. ಎಲ್ಲರ ಮನೆಯಲ್ಲೂ ತೆಗೆಸುತ್ತಾರೆ.

ಆಮೇಲೆ ಮಗ ಮಾಡಿದ್ದೇನು? ಆ ಫೋಟೋವನ್ನು ದೊಡ್ಡದು ಮಾಡಿಸಿ, ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಸಿ, ಕಟ್ಟು ಹಾಕಿಸಿಕೊಂಡು ಬಂದ! ಹಾಗೆ ಬರೆಸುವುದೂ ಊರಲ್ಲಿ ಇದ್ದದ್ದೇ. ಆದರೆ ಬರೆದವನು ಇವರನ್ನು ಜೀವಂತ ಕಂಡವನೇ ಅಲ್ಲ. ನಕ್ಕು ನಕ್ಕು ಸಣ್ಣಗಾದ ಕಣ್ಣಿನ ಜಾಗದಲ್ಲಿ ಎರಡು ದೊಡ್ಡ ಗುಂಡು ಕಣ್ಣು, ಥೇಟ್ ಅಮಲ್ದಾರರದ್ದು.

"ಯಾರೋ ಇವ್ರು?" ಎಂದೆ.

"ಏನಮ್ಮ ಹೀಗಂತೀಯ? ಅಪ್ಪ!"

"ನಿಮ್ಮಪ್ಪ ಯಾವತ್ತು ನಿನ್ನ ಹಿಂಗೆ ದುರುಗುಟ್ಕೊಂಡು ನೋಡಿದ್ರು? ಒಂದ್ ದಿವ್ಸ ಹೇಳು ನೋಡೋಣ."

"ನಾಡಿದ್ದು ಶಿವಗಣಾರಾಧನೆ. ಐನೋರು ಬರ್ತಾರೆ, ಪೇಟೆಯೋರೆಲ್ಲ ಊಟಕ್ಕೆ ಬರ್ತಾರೆ. ಕಣ್ಮುಚ್ಚಿರೋ ಫೋಟೋ ಇಟ್ರೆ ಏನಂದ್ಕೋತಾರೆ? ಸ್ವಲ್ಪ ಸುಮ್ನಿರಮ್ಮ." ಗೋಡೆಗೆ ಮೊಳೆ ಹೊಡೆಯುತ್ತ ಹೆಂಡತಿಗೆ ಹೇಳಿದ, "ಮಹಾನಂದ, ಒರೆಸೋವಾಗ ಹುಷಾರು. ಒಳಗೆ ನೀರು ಹೋದ್ರೆ ಬಣ್ಣ ಎದ್ದೋಗತ್ತಂತೆ."

ಸುಮ್ಮನಿರಬೇಕಂತೆ! ಪಕ್ಕದ ಮಂಡಿಯ ವೀರಭದ್ರಯ್ಯ ಬಂದು, "ನೋಡಿದ್ರೆ ಎದ್ ನಿಲ್ಬೇಕು ಅನ್ನಿಸ್ತದೆ" ಎಂದರು. ಇವರನ್ನು ನೋಡಿ ಯಾರು ಯಾವತ್ತು ಎದ್ದು ನಿಂತಿದ್ದರು? ನಿಂತವರೂ ಪಕ್ಕದಲ್ಲಿ ಕೂತುಬಿಡುತ್ತಿದ್ದರು. ಅದೇ ವೀರಭದ್ರಯ್ಯ ಇವರ ತೊಡೆ ತಟ್ಟುತ್ತ ಹರಟೆ ಹೊಡೆದದ್ದನ್ನು ನಾನೇ ಕಂಡಿದ್ದೇನೆ.

ಇಷ್ಟನ್ನೂ ನುಂಗಿಕೊಳ್ಳುತ್ತಿದ್ದೆನೋ ಏನೋ. ಆದರೆ ಮೊಮ್ಮಗಳು ಚೂಡಾಮಣಿ ಆ ಫೋಟೋ ನೋಡಿ ಚಿಟ್ಟನೆ ಚೀರಿದಳು. ಆರು ವರ್ಷದ ಮಗು. ಮಧ್ಯಾಹ್ನ ಊಟವಾದ ಮೇಲೆ ಇವರು ಒರಗುಕುರ್ಚಿಯಲ್ಲಿ ಕಣ್ಣು ಮುಚ್ಚಿ ಸುಳ್ಳು ನಿದ್ದೆ ಮಾಡುವುದು, ಅವಳು ಕಳ್ಳಹೆಜ್ಜೆಯಲ್ಲಿ ಬಂದು ಮೂಗಿನ ಹತ್ತಿರ ಬೆರಳಿಟ್ಟು "ಸುಳ್ ನಿದ್ದೆ!" ಎಂದು ಕೂಗುವುದು, ಇವರು ತಡೆಯಲಾಗದೆ ನಕ್ಕುಬಿಡುವುದು: ಇದು ಅವರಿಬ್ಬರ ದಿನದ ಆಟ. ಈಗ ಅವಳು ಪಡಸಾಲೆಗೆ ಕಾಲಿಡದೆ ಹಿತ್ತಲ ಬಾಗಿಲಲ್ಲೇ ಓಡಾಡತೊಡಗಿದಳು.

"ಅಜ್ಜಿ, ಆ ತಾತ ಬೇಡ. ನಮ್ ತಾತನ್ನ ಹಾಕು."

"ರೂಢಿಯಾಗತ್ತೆ ಬಿಡಿ ಅತ್ತೆ" ಎಂದಳು ಮಹಾನಂದ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಅಂದಳು. ಆದರೆ ನನಗೆ ಹೆದರಿಕೆಯಾದದ್ದು ಅದಕ್ಕೇ. ರೂಢಿಯೇ ಆಗಿಬಿಡುತ್ತದೆ! ಎರಡು ವರ್ಷ ಕಳೆದರೆ ತಾತ ಅಂದಾಗ ಈ ಮಗುವಿಗೆ ಆ ಗುಂಡು ಕಣ್ಣೇ ನೆನಪಾಗುತ್ತದೆ. ಅವರನ್ನು ಒಂದು ಸಲ ಮಣ್ಣಿಗೆ ಕೊಟ್ಟಾಗಿತ್ತು. ಇನ್ನೊಂದು ಸಲ ಕೊಡಲು ನಾನು ತಯಾರಿರಲಿಲ್ಲ.

ಆರಾಧನೆಯ ಬೆಳಗ್ಗೆ ಎಲ್ಲರೂ ಹಿತ್ತಲಿನ ಅಡಿಗೆಯ ಗಡಿಬಿಡಿಯಲ್ಲಿದ್ದಾಗ ಸ್ಟೂಲು ಹತ್ತಿ ಫೋಟೋ ಇಳಿಸಿದೆ. ಹಿಂದಿನ ಹಲಗೆಯ ಮೊಳೆಗಳನ್ನು ಅಡಕತ್ತರಿಯ ತುದಿಯಿಂದ ಮೀಟಿ ತೆಗೆದು, ಗಾಜು ಪಕ್ಕಕ್ಕಿಟ್ಟು, ಸೆರಗಿನ ತುದಿಯನ್ನು ಚೊಂಬಿನ ನೀರಿನಲ್ಲಿ ಅದ್ದಿದೆ. ಬಣ್ಣದ ಜೊತೆ ಕೆಳಗಿನ ಮುಖವೂ ಎದ್ದುಹೋದರೆ? ಸ್ಟುಡಿಯೋದವನು ಇನ್ನೊಂದು ಮಾಡಿಕೊಟ್ಟಾನು, ಅದಕ್ಕೂ ಕಣ್ಣು ಬರೆದೇ ಕೊಟ್ಟಾನು. ಮತ್ತೆ ಆ ಕಣ್ಣು ನೋಡಿದೆ. ಅದೂ ನನ್ನನ್ನು ನೋಡಿತು. ಒರೆಸಿಯೇಬಿಟ್ಟೆ.

"ಅಮ್ಮಾ! ಏನ್ ಮಾಡ್ತಿದೀಯ?" ಪರಮಶಿವಯ್ಯ ಕೈಯಲ್ಲಿದ್ದ ಹೂವಿನ ಬುಟ್ಟಿ ಬಿಟ್ಟು ಓಡಿಬಂದ.

"ಮುಖ ಒರೆಸ್ತಿದೀನಿ. ನಿನಗೂ ಸಾವಿರ ಸಲ ಒರೆಸಿದೀನಿ. ದೂರ ನಿಂತ್ಕೋ."

ಬಣ್ಣ ಕರಗಿ ಕೆನ್ನೆಯ ಮೇಲೆ ಇಳಿಯಿತು. ಅದನ್ನೂ ಮೆಲ್ಲಗೆ ಒತ್ತಿ ತೆಗೆದೆ. ಎಡರೆಪ್ಪೆ ಕಾಣಿಸಿತು, ಆಮೇಲೆ ಬಲರೆಪ್ಪೆ, ಅದರ ಅಂಚಿನ ಸುಕ್ಕುಗಳು. ಅಲ್ಲಲ್ಲಿ ಕಲೆ ಉಳಿಯಿತು, ಉಳಿಯಲಿ. ಬೈಯಲು ಬಂದ ಮಗ ಬಗ್ಗಿ ನೋಡಿದ. "ಅಪ್ಪ" ಎಂದ, ಚಿಕ್ಕಂದಿನಲ್ಲಿ ಅನ್ನುತ್ತಿದ್ದ ದನಿಯಲ್ಲಿ. ಗಾಜು ಹಾಕಿ, ಮೊಳೆ ಬಡಿದು, ಒರಗುಕುರ್ಚಿಯ ಮೇಲೆ ಫೋಟೋ ಇಟ್ಟವನು ಅವನೇ.

ಗಲಾಟೆ ಕೇಳಿ ಚೂಡಾಮಣಿ ಬಾಗಿಲ ಸಂದಿಯಿಂದ ಇಣುಕಿದಳು. ನೋಡಿದಳು. ಕಳ್ಳಹೆಜ್ಜೆಯಲ್ಲಿ ಬಂದಳು. ಗಾಜಿನ ಮೇಲೆ, ಮೂಗಿನ ಹತ್ತಿರ, ಬೆರಳಿಟ್ಟಳು.

"ಸುಳ್ ನಿದ್ದೆ!"

ಕಾದಳು. ಈ ಮಗುವಿಗೆ ಈಗ ಏನು ಹೇಳಲಿ?

ಅವಳು ನನ್ನ ಕಡೆ ತಿರುಗಿ, ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದಳು. "ಅಜ್ಜಿ, ಈ ಸಲ ತಾತ ಎಷ್ಟೊತ್ತು ನಗು ತಡ್ಕೊಂಡಿದಾರೆ ನೋಡು."

ಅಷ್ಟು ದಿನ ಸಿಟ್ಟಿನಲ್ಲಿ ನನಗೆ ಅಳುವುದಕ್ಕೇ ಆಗಿರಲಿಲ್ಲ. ಬಣ್ಣ ಮೆತ್ತಿದ ಅದೇ ಸೆರಗಿಗೆ ಮುಖವಿಟ್ಟು ಅತ್ತೆ.