ಬೆಳಕಿನ ಶೀಟು

ಆ ಮನೆಯ ಗ್ಯಾರೇಜಿಗೆ ಹಗಲು ಅಂದರೇನೆಂದೇ ಗೊತ್ತಿರಲಿಲ್ಲ. ಬಾಗಿಲು ಪೂರ್ತಿ ತೆರೆದರೂ ಬೆಳಕು ಕಾರಿನ ಮೂತಿಯ ತನಕ ಬಂದು ನಿಂತುಬಿಡುತ್ತಿತ್ತು. ಅದರಾಚೆ, ಹಿಂದಿನ ಗೋಡೆಗೆ ಒತ್ತಿಕೊಂಡು, ಗಂಡನ ಕೆಲಸದ ಮೇಜು. ಲಾರಿ ಓಡಿಸುವ ಮನುಷ್ಯ, ವಾರಗಟ್ಟಲೆ ರಸ್ತೆಯಲ್ಲೇ ಇರುವವನು. ಮನೆಗೆ ಬಂದಾಗಲಾದರೂ ಕಾಲು ಚಾಚಿ ಕೂರುತ್ತಾನಾ? ಉಹೂಂ. ರೇಡಿಯೊ ಬಿಚ್ಚಬೇಕು, ಫ್ಯಾನು ಬಿಚ್ಚಬೇಕು, ಸರಿಯಾಗಿ ಓಡುತ್ತಿರುವ ಗಡಿಯಾರವನ್ನೂ ಬಿಚ್ಚಿ ನೋಡಬೇಕು. ಹೋದ ಸಲ ಆ ಕತ್ತಲಲ್ಲಿ ಗರಗಸ ಜಾರಿ ಹೆಬ್ಬೆರಳು ಹೋಗಿಯೇ ಬಿಡುತ್ತಿತ್ತು. ರಕ್ತ ಸೋರುವ ಬೆರಳನ್ನು ಬಾಯಲ್ಲಿಟ್ಟುಕೊಂಡೇ "ಏನೂ ಆಗಿಲ್ಲ, ಟೀ ಕೊಡು" ಅಂದಿದ್ದ, ಪುಣ್ಯಾತ್ಮ.

ಗ್ಯಾರೇಜಿನ ಮೇಲಿನ ತಗಡಿನ ಮಾಡಿಗೆ, ಬೆಳಕು ಒಳಗೆ ಬಿಡುವ ಶೀಟು ಹಾಕಿಸಬೇಕೆಂದು ಹೆಂಡತಿ ಅವತ್ತೇ ತೀರ್ಮಾನ ಮಾಡಿದಳು. ಅತ್ತೆಗೆ ಹೇಳಿದ್ದೇ ತಡ, ಅವರ ಮುಖ ಊರಗಲವಾಯಿತು.

"ಮಾಡಿಸೇ ಮಾಡಿಸು! ಆದ್ರೆ ಅವನಿಗೆ ಹೇಳ್ಬೇಡ. ಬಂದು ನೋಡಿ ಬಾಯಿ ಬಿಟ್ಕೊಂಡು ನಿಂತ್ಕೋಬೇಕು ಅವನು."

ಅತ್ತೆ ಸೊಸೆ ಸೇರಿ ಗುಟ್ಟು ಮಾಡುವ ಮನೆಗಳು ಎಷ್ಟಿವೆ ಹೇಳಿ? ಇವರಿಬ್ಬರಿಗೂ ಅದೇ ಒಂದು ಸಂಭ್ರಮವಾಗಿಹೋಯಿತು. ಅವನು ಫೋನಿನಲ್ಲಿ "ಏನು ವಿಶೇಷ?" ಎಂದರೆ, "ವಿಶೇಷ ಏನಿರುತ್ತೆ, ಏನೂ ಇಲ್ಲ" ಎಂದು ಒಬ್ಬರ ಮುಖ ಒಬ್ಬರು ನೋಡಿ ನಗು ನುಂಗುತ್ತಿದ್ದರು.

ಮೇಸ್ತ್ರಿ ಬಂದು ಎರಡು ತಗಡು ಬಿಚ್ಚಿ, ಆ ಜಾಗಕ್ಕೆ ಅದೇ ಅಚ್ಚಿನ, ಅದೇ ಏರಿಳಿತದ ಫೈಬರ್ ಶೀಟು ಕೂರಿಸಿದ. ಬೆಳಕು ದಬದಬನೆ ಮೇಜಿನ ಮೇಲೆ ಬಿತ್ತು. ಸೊಸೆ ಎರಡೂ ಕೈಗಳನ್ನು ಅದರಲ್ಲಿ ಹಿಡಿದು ಹಿಂದೆಮುಂದೆ ತಿರುಗಿಸಿ ನೋಡಿಕೊಂಡಳು. ಮೇಸ್ತ್ರಿ ಸಾಮಾನು ಕಟ್ಟುತ್ತ ಹೇಳಿದ:

"ಅಮ್ಮಾ, ಒಂದು ಮಾತು. ತಗಡಿನ ಮೇಲೆ ಓಡಾಡಿದ ಹಾಗೆ ಇದರ ಮೇಲೆ ಓಡಾಡೋ ಹಾಗಿಲ್ಲ. ಬೆಕ್ಕು ಬೇಕಾದ್ರೆ ಓಡಾಡ್ಲಿ. ಮನುಷ್ಯ ಕಾಲಿಟ್ಟ ಅಂದ್ರೆ ಸೀದಾ ಕೆಳಗೆ. ನಿಮ್ಮನೇಲಿ ಮೇಲೆ ಹತ್ತೋರು ಯಾರಾದ್ರೂ ಇದ್ದಾರಾ?"

"ನಮ್ಮ ಮನೆಯವ್ರು ಹತ್ತುತಾರೆ. ಬಂದ ತಕ್ಷಣ ಹೇಳ್ತೀನಿ."

"ಮರೀಬೇಡಿ ಮತ್ತೆ."

ಮರೆಯುವ ಮಾತೇ? ಆ ಮಾಡೆಂದರೆ ಅವನಿಗೆ ಮನೆಯ ಜಗಲಿ ಇದ್ದಂತೆ. ಪಕ್ಕದ ಮರದ ಎಲೆ ಉದುರಿ ಮಳೆನೀರಿನ ಪೈಪಿನ ಬಾಯಿಗೆ ಸಿಕ್ಕಿಕೊಳ್ಳುತ್ತಿತ್ತು. ಊರಿಗೆ ಬಂದಾಗಲೆಲ್ಲ ಹತ್ತಿ, ಕೆಳಗೆ ಕೂಡ ನೋಡದೆ ಅಡ್ಡಾಡಿ, ತೆಗೆದು ಹಾಕುತ್ತಿದ್ದ. ಆದರೂ ಶೀಟು ಕಣ್ಣಿಗೆ ಕಾಣುತ್ತದಲ್ಲ, ಕುರುಡನಿಗೂ ತಿಳಿಯುತ್ತದೆ ಎಂದು ಸಮಾಧಾನ ಮಾಡಿಕೊಂಡಳು.

ಬಿಸಿಲು ಏರಿತು. ಗ್ಯಾರೇಜು ಕಾದ ಒಲೆಯಾಯಿತು. ಒಂದು ದಿನ ಸೊಸೆ ಕೆಲಸದಿಂದ ಬರುವಷ್ಟರಲ್ಲಿ ಅತ್ತೆ ಬಣ್ಣದವನನ್ನು ಕರೆಸಿ, ಏಣಿಯ ಮೇಲಿಂದಲೇ ಉದ್ದ ಕೋಲಿನ ಬ್ರಷ್ಷಿನಲ್ಲಿ ಇಡೀ ಮಾಡಿಗೆ ಬಿಳಿ ಹೊಡೆಸಿಬಿಟ್ಟಿದ್ದರು.

"ಶೀಟಿಗೂ ತೆಳ್ಳಗೆ ಒಂದು ಕೈ ಹೊಡೆಸಿದೆ ಕಣೇ. ಬೆಳಕು ಬರುತ್ತೆ, ಧಗೆ ಬರಲ್ಲ. ಹೇಗಿದೆ ನನ್ನ ತಲೆ?"

ಸೊಸೆ ಏಣಿ ಹತ್ತಿ ನೋಡಿದಳು. ಈ ತುದಿಯಿಂದ ಆ ತುದಿಯವರೆಗೆ ಒಂದೇ ಬಿಳಿ. ತಗಡು ಯಾವುದು, ಶೀಟು ಯಾವುದು, ಊಹೂಂ, ಗೊತ್ತಾಗಲಿಲ್ಲ. ದಡದಡನೆ ಇಳಿದು ಬಂದಳು.

"ಅತ್ತೆ, ಈಗಲೇ ಫೋನ್ ಮಾಡಿ ಅವರಿಗೆ ಹೇಳಿಬಿಡೋಣ."

"ಅಯ್ಯೋ ಹುಚ್ಚಿ, ಲಾರಿ ಓಡಿಸೋನು ದಾರೀಲಿ ಮಾಡು ಹತ್ತುತಾನಾ? ನಾಳಿದ್ದು ಬರ್ತಾನೆ. ಬಂದೋನನ್ನ ನೆಟ್ಟಗೆ ಗ್ಯಾರೇಜಿಗೆ ಕರ್ಕೊಂಡು ಹೋಗು, ತೋರಿಸು, ಅಲ್ಲೇ ಹೇಳು. ಇಷ್ಟು ದಿನ ಕಾದಿದ್ದೀವಿ."

ಮುದುಕಿಯ ಸಂತೋಷಕ್ಕೆ ನೀರೆರಚಲು ಮನಸ್ಸು ಬರಲಿಲ್ಲ. ಸುಳ್ಳೇಕೆ, ಅವನು ಬಾಯಿ ಬಿಟ್ಟುಕೊಂಡು ನಿಲ್ಲುವುದನ್ನು ನೋಡುವ ಆಸೆ ಅವಳಿಗೂ ಇತ್ತು. ಏಣಿಯನ್ನು ಗ್ಯಾರೇಜಿನೊಳಗೆ ಎಳೆದು ತಂದು, ಕಾರಿನ ಹಿಂದೆ ಅಡ್ಡ ಮಲಗಿಸಿದಳು. ಈಗ ಹೇಗೆ ಹತ್ತುತ್ತಾನೋ ನೋಡೋಣ ಅಂದುಕೊಂಡಳು.

ಅವನು ನಾಳಿದ್ದು ಬರಲಿಲ್ಲ, ಮಾರನೆಯ ದಿನ ಬೆಳಿಗ್ಗೆಯೇ ಬಂದುಬಿಟ್ಟ. ಮನೆಯವರಿಗೆ ಅಚ್ಚರಿ ಮಾಡೋಣ ಎಂಬ ಹುಮ್ಮಸ್ಸು ಅವನಿಗೂ ಇತ್ತಲ್ಲ! ಗೇಟಿನ ಬಳಿ ಚೀಲ ಇಟ್ಟ. ಪೈಪಿನ ಬಾಯಲ್ಲಿ ಜೋತುಬಿದ್ದ ಎಲೆ ಕಣ್ಣಿಗೆ ಬಿತ್ತು. ಏಣಿ ಕಾಣಲಿಲ್ಲ, ಕಾಂಪೌಂಡ್ ಗೋಡೆ ಹತ್ತಿದ.

ಸೊಸೆ ಒಳಗೆ ಮೇಜು ಒರೆಸುತ್ತಿದ್ದಳು. ತಲೆಯ ಮೇಲೆ ತಗಡು ಢಣ್ ಎಂದಿತು. ಆ ಹೆಜ್ಜೆ ಯಾರದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ರೀ! ಅಲ್ಲೇ ನಿಂತ್ಕೊಳ್ಳಿ! ಮುಂದೆ ಬರಬೇಡಿ!"

ತಗಡಿನ ಅಡಿಯಿಂದ ಕೂಗಿದ ಮಾತು ಮೇಲಿನವರಿಗೆ ಬರೀ ಗುಂಯ್ ಎನ್ನುತ್ತದೆ. ಹೆಜ್ಜೆಗಳು ಅವಳ ದನಿಯನ್ನೇ ಹುಡುಕಿಕೊಂಡು ಬಂದವು.

"ಏನೇ? ಒಳಗಿದ್ದೀಯಾ? ಕೇಳಿಸ್ತಿಲ್ಲ ಕಣೇ, ಜೋರಾಗಿ ಹೇಳು!"

ಬಿಳಿ ಶೀಟಿನ ಅಂಚಿನಲ್ಲಿ ಬೂಟಿನ ನೆರಳು ಮೂಡಿತು. ತಾನು ಕೂಗಿದಷ್ಟೂ ಅವನು ಹತ್ತಿರ ಬರುತ್ತಾನೆಂದು ಅವಳಿಗೆ ಆಗ ಹೊಳೆಯಿತು. ಕೈಯಲ್ಲಿದ್ದ ಬಟ್ಟೆಯನ್ನೇ ಬಾಯಿಗೆ ಒತ್ತಿಕೊಂಡಳು. ನೆರಳು ನಿಂತಿತು. ಬರಿಗಾಲಲ್ಲೇ ಅಂಗಳಕ್ಕೆ ಓಡಿ, ತಲೆಯೆತ್ತಿ, ಎರಡೂ ಅಂಗೈ ಎತ್ತಿ ಹಿಡಿದಳು. ಅವನು ಅವಳನ್ನು ಕಂಡ. ಹಲ್ಲು ಕಿರಿದು, ಅವಳಂತೆಯೇ ಎರಡೂ ಕೈ ಎತ್ತಿ, ನಿಂತಲ್ಲೇ ನಿಂತ. ದೇವರೇ, ನಿಂತ! ಉಸಿರು ಎಳೆದುಕೊಂಡು ಅವಳು ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ, ಆ ಕಡೆ ಅಡುಗೆಮನೆ ಬಾಗಿಲಲ್ಲಿ ಅತ್ತೆ ಚೀರಿದರು.

"ಮಗಾ! ಇಳಿಯೋ! ಇಳಿಯೋ ಕೆಳಗೆ!"

ಅಮ್ಮ ಕರೆದರೆ ತಡಿ ಎಂದವನಲ್ಲ ಅವನು. "ಬಂದೆ ಕಣಮ್ಮಾ" ಎನ್ನುತ್ತ ಆ ಕಡೆಗೆ ತಿರುಗಿ ಕಾಲಿಟ್ಟ.

ದೊಡ್ಡ ಸದ್ದೇನೂ ಆಗಲಿಲ್ಲ. ಒಣಗಿದ ಎಲೆ ತುಳಿದಷ್ಟೇ ಆಯಿತು. ಆಮೇಲೆ ಒಳಗೆ ಮೇಜು ಉರುಳಿದ್ದು ಕೇಳಿಸಿತು.

ಸೊಸೆ ಅವನ ಪಕ್ಕ ಮಂಡಿಯೂರಿ ಎದೆಯ ಮೇಲೆ ಕೈಯಿಟ್ಟಳು, ಕುತ್ತಿಗೆ ಮುಟ್ಟಿದಳು, ಮೂಗಿನ ಬಳಿ ಬೆರಳು ಹಿಡಿದಳು. ಮತ್ತೆ ಎದೆ ಮುಟ್ಟಿದಳು. ಏನೂ ಇರಲಿಲ್ಲ. ಅವನ ಮುಖದ ಮೇಲೆ ಬಿಸಿಲು ಬಿದ್ದಿತ್ತು, ಕಣ್ಣು ಮುಚ್ಚಿಕೊಳ್ಳಲಿಲ್ಲ.

ಅತ್ತೆ ಗ್ಯಾರೇಜಿನ ಬಾಗಿಲು ಹಿಡಿದು ನಿಂತಿದ್ದರು.

"ನಾನು ಕರೆದದ್ದಕ್ಕೇ ಈ ಕಡೆ ತಿರುಗಿದನೇನೇ?"

ಸೊಸೆಗೆ ಕಿರುಚಬೇಕೆನಿಸಿತು. ಹೌದು, ನೀವೇ, ಬಣ್ಣವೂ ನೀವೇ, ಕರೆದದ್ದೂ ನೀವೇ ಎನ್ನಬೇಕೆನಿಸಿತು. ಆಮೇಲೆ, ಫೋನು ಮಾಡದೆ ಸುಮ್ಮನಿದ್ದವಳು ಯಾರು ಎಂಬುದೂ ನೆನಪಾಯಿತು.

"ಇಲ್ಲ ಅತ್ತೆ," ಎಂದಳು ಅವನ ಅಂಗಿಯ ಗುಂಡಿ ಹಾಕುತ್ತ. "ನೀವು ಕರೆಯೋಕೆ ಮುಂಚೇನೇ ಕಾಲು ಇಟ್ಟಾಗಿತ್ತು."